ಶನಿವಾರ ಹಾಡೋಕೆ ಬರೋ ಮಕ್ಕಳು: ಜಯನಗರದ ಒಂದು ಹಿರಿಯರ ಡೇ ಕೇರ್ ಬಗ್ಗೆ ನನ್ನ ರಿವ್ಯೂ

ಅಮ್ಮನ್ನ ಜಯನಗರದ ಈ ಡೇ ಕೇರ್‌ಗೆ ಸೇರಿಸಿ ಹತ್ತಿರ ಹತ್ತಿರ ಒಂದು ವರ್ಷ ಆಯ್ತು. ಇದರಲ್ಲಿ ದೂರೂ ಇದೆ, ಅದಕ್ಕೆ ಸೆಂಟರ್ ಹೆಸರು ಹಾಕ್ತಿಲ್ಲ, ಆದ್ರೆ ಮನೇಲಿ ವಯಸ್ಸಾದವರು ಇದ್ದು ಇಂಥ ಜಾಗ ಹುಡುಕ್ತಿರೋರಿಗೆ ಏನು ನೋಡಬೇಕು ಅಂತ ಗೊತ್ತಾಗಲಿ ಅಂತ ಬರೀತಿದೀನಿ.

ಮಾಮೂಲಿ ವಿಷಯ ಮೊದಲು ಮುಗಿಸ್ತೀನಿ. ಗ್ರೌಂಡ್ ಫ್ಲೋರ್, ಮೆಟ್ಟಿಲಿಲ್ಲ, ರ‍್ಯಾಂಪ್ ಇದೆ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಸ್ಟೀಲ್ ರಾಡ್ ಇದೆ. ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಜ್ಜಿಗೆ, ಖಾರ ಕಮ್ಮಿ ಹಾಕ್ತಾರೆ, ಅಮ್ಮ ಬಿಡದೆ ಊಟ ಮಾಡ್ತಾರೆ. ಇದೆಲ್ಲ ಬೇರೆ ಕಡೆನೂ ಸಿಗತ್ತೆ.

ನಾನು ಬರೀಬೇಕು ಅಂದ್ಕೊಂಡಿದ್ದು ಶನಿವಾರದ ಬಗ್ಗೆ. ಮೂರೂವರೆಗೆ ನಾಲ್ಕೈದು ಜನ ಹುಡುಗ ಹುಡುಗಿಯರು ಬರ್ತಾರೆ, ಎಲ್ಲ ಒಂದೇ ಮೇಷ್ಟ್ರ ಹತ್ರ ಸಂಗೀತ ಕಲಿಯೋರು. ಹಾಡೋ ಹುಡುಗಿ ಸೆಕೆಂಡ್ ಪಿಯು, ಪಿಟೀಲಿನ ಹುಡುಗ ಮತ್ತೆ ಮೃದಂಗದ ಹುಡುಗ ಇಂಜಿನಿಯರಿಂಗ್, ಇನ್ನಿಬ್ಬರು ಹೈಸ್ಕೂಲು. ಗ್ರೀನ್ ಲೈನ್ ಮೆಟ್ರೋದಲ್ಲಿ ಬಂದು ಜಯನಗರ ಸ್ಟೇಷನ್ನಿಂದ ನಡ್ಕೊಂಡು ಬರ್ತಾರೆ, ಯಾರೂ ಒಂದು ರೂಪಾಯಿ ತಗೊಳ್ಳಲ್ಲ.

ಇದಕ್ಕೆ ಮುಂಚೆ ಅಮ್ಮ ಬೇರೆ ಒಂದು ಕಡೆ ಹೋಗ್ತಿದ್ರು, ಅಲ್ಲೂ ಒಂದು ಸಲ ಸಂಗೀತ ಕಾರ್ಯಕ್ರಮ ಅಂತ ಮಾಡಿದ್ರು. ಎಲ್ಲ ಒಂದೇ ಕಲರ್ ಟೀ ಶರ್ಟ್ ಹಾಕ್ಕೊಂಡು ಬಂದ್ರು, ಎರಡು ದೊಡ್ಡ ಸ್ಪೀಕರ್ ಇಟ್ರು, ಕರೋಕೆ ಹಾಕಿ ಹಾಡಿದ್ರು, ವಿಡಿಯೋಗೋಸ್ಕರ ವಯಸ್ಸಾದವರಿಗೆ ಚಪ್ಪಾಳೆ ಹೊಡೀರಿ ಹೊಡೀರಿ ಅಂತ ಎರಡೆರಡು ಸಲ ಹೊಡೆಸಿದ್ರು, ಹಣ್ಣು ಕೊಡೋ ಫೋಟೋ ತೆಗೆಸಿಕೊಂಡ್ರು, ಹೊರಟ್ರು. ಅವತ್ತು ಅಮ್ಮ ಮನೆಗೆ ಬಂದವರೇ ತಲೆನೋವು ಅಂತ ಮಲ್ಕೊಂಡ್ಬಿಟ್ರು. ನನಗೆ ಅದು ಇವತ್ತಿಗೂ ಸಂಕಟ.

ಅಮ್ಮನಿಗೀಗ 76. ಅವರ ಅಪ್ಪ ಚಿಕ್ಕ ವಯಸ್ಸಲ್ಲಿ ಅವರನ್ನ ಸೈಕಲ್ ಮುಂದೆ ಕೂರಿಸ್ಕೊಂಡು ಚಾಮರಾಜಪೇಟೆ ಫೋರ್ಟ್ ಹೈಸ್ಕೂಲ್ ಮೈದಾನಕ್ಕೆ ರಾಮನವಮಿ ಕಚೇರಿಗೆ ಕರ್ಕೊಂಡು ಹೋಗ್ತಿದ್ರಂತೆ. ರಾಮಸೇವಾ ಮಂಡಳಿಯವರು 1939ರಿಂದ ನಡೆಸ್ಕೊಂಡು ಬಂದಿರೋ ಉತ್ಸವ ಅದು, ಅಮ್ಮನಿಗಿಂತ ದೊಡ್ಡದು. ಅಮ್ಮ ಸಂಗೀತ ಕಲಿತಿದ್ದೂ ಇದೆ, ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದ್ರೆ ಮೊದಲ ಪಾಠದಿಂದ ಶುರು ಮಾಡಿ ಮೋಹನ ರಾಗದ ವರ್ಣದ ತನಕ, ಅಲ್ಲಿಗೆ ಮದುವೆ ಆಯ್ತು, ನಿಂತೋಯ್ತು. ಬೆಳಿಗ್ಗೆ ಅಡುಗೆ ಮನೇಲಿ ರೇಡಿಯೋದಲ್ಲಿ ಅಮೃತವರ್ಷಿಣಿ 100.1 ಯಾವಾಗ್ಲೂ ಹಾಡ್ತಿರತ್ತೆ, ಆದ್ರೆ ಅಮ್ಮ ಬಾಯ್ಬಿಟ್ಟು ಹಾಡಿದ್ದು ನಾನು ಕೇಳಿರ್ಲಿಲ್ಲ.

ಇಲ್ಲಿಗೆ ಸೇರಿಸಿದ ಮೊದಲನೇ ಶನಿವಾರ ನಾನೂ ಕೂತಿದ್ದೆ. ಆ ಹುಡುಗಿ ಒಂದು ಕೀರ್ತನೆ, ಎರಡು ದೇವರನಾಮ ಹಾಡಿದ್ಲು, ಚೆನ್ನಾಗಿ ಹಾಡ್ತಾಳೆ, ಧ್ವನಿ ಗಟ್ಟಿ. ಹಾಡ್ತಾ ಹಾಡ್ತಾನೇ ಅಮ್ಮನ ಕೈ ನೋಡಿದಾಳೆ. ಅಮ್ಮ ಸೆರಗಿನ ಕೆಳಗೆ ತೊಡೆ ಮೇಲೆ ಆದಿತಾಳ ಹಾಕ್ತಿದ್ರು, ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ಮಧ್ಯದ ಬೆರಳು, ಆಮೇಲೆ ಪೆಟ್ಟು ತಿರುವು, ಪೆಟ್ಟು ತಿರುವು, ಒಂದೂ ತಪ್ಪಿಲ್ಲ. ಹಾಡು ಮುಗಿದ ಮೇಲೆ ಎದ್ದು ಬಂದು ಅಮ್ಮನ ಕಾಲ ಹತ್ರ ನೆಲದ ಮೇಲೆ ಕೂತು "ಅಜ್ಜಿ, ಎಲ್ಲಿ ತನಕ ಕಲ್ತಿದೀರಾ?" ಅಂದ್ಲು. ಹಾಡ್ತೀರಾ ಅಂತ ಕೇಳಿದ್ರೆ ಅಮ್ಮ ಅಯ್ಯೋ ಬೇಡಮ್ಮ ಅಂತಿದ್ರು ಖಂಡಿತ. ವರ್ಣದ ತನಕ ಅಂದ್ರು. ಹಾಗಾದ್ರೆ ಮೋಹನ ಹೇಳ್ಕೊಡಿ ನೋಡೋಣ ಅಂದ್ಲು.

ಅಮ್ಮ ಶುರು ಮಾಡಿದ್ರು. ಆ ಹುಡುಗಿದು ಐದು ಮನೆ ಶ್ರುತಿ (ಹಾಡೋಕೆ ಆಧಾರವಾಗಿ ಇಟ್ಕೊಳ್ಳೋ ಸ್ವರ, ಮನೆ ಜಾಸ್ತಿ ಆದಷ್ಟೂ ಎತ್ತರ), ಫೋನಲ್ಲಿ ತಂಬೂರಿ ಹಾಗೇ ಓಡ್ತಿತ್ತು. ಎರಡನೇ ಸಾಲಲ್ಲಿ ಮೇಲಿನ ಷಡ್ಜದ ಹತ್ರ ಹೋಗೋಷ್ಟ್ರಲ್ಲಿ ಗಂಟಲು ಹಿಡೀತು, ಅಮ್ಮ ಕೈ ಅಡ್ಡ ಆಡಿಸಿ ನಿಲ್ಲಿಸ್ಬಿಟ್ರು, ಮುಖ ಕೆಂಪಾಯ್ತು. ನಾನು ಎದ್ದು ಹೋಗಿ ಸಮಾಧಾನ ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಆ ಹುಡುಗಿ ಏನೂ ಮಾತಾಡದೆ ಫೋನ್ ತಗೊಂಡು ತಂಬೂರೀನ ಮೂರು ಮನೆಗೆ ಇಳಿಸಿದ್ಲು. ಪಿಟೀಲಿನ ಹುಡುಗ ಬಿರಡೆ ತಿರುಗಿಸಿ ನಾಲ್ಕೂ ತಂತಿ ಸಡಿಲ ಮಾಡ್ಕೊಂಡು ಮತ್ತೆ ಶ್ರುತಿ ಮಾಡ್ಕೊಂಡ. ಆ ಮೃದಂಗ ಅಷ್ಟು ಕೆಳಗೆ ಇಳಿಯಲ್ಲ, ಅವನು ಅದನ್ನ ಪಕ್ಕಕ್ಕಿಟ್ಟು ಸುಮ್ನೆ ಕೈಯಲ್ಲಿ ತಾಳ ಹಾಕಿದ. ಐದು ನಿಮಿಷ ಆಯ್ತು ಇದಕ್ಕೆಲ್ಲ, ಇಡೀ ಹಾಲ್ ಕಾಯ್ತು. ಅಮ್ಮ ವರ್ಣದ ಪಲ್ಲವಿ, ಅನುಪಲ್ಲವಿ, ಅದಾದ್ಮೇಲೆ ಬರೋ ಮುಕ್ತಾಯಿ ಸ್ವರದ ಅರ್ಧ ಹಾಡಿದ್ರು, ಮುಂದಿನದು ಮರ್ತೋಗಿತ್ತು, ಅಲ್ಲಿಂದ ಹುಡುಗಿ ಎತ್ತಿಕೊಂಡ್ಲು. ಧ್ವನಿ ನಡುಗ್ತಿತ್ತು, ಆದ್ರೆ ಶ್ರುತಿ ಬಿಡ್ಲಿಲ್ಲ. ನನ್ನ ತಾಯಿ ಧ್ವನಿ ಹೀಗಿದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮುಂದಿನ ವಾರ ಆ ಮೃದಂಗದ ಹುಡುಗ ಎರಡು ಮೃದಂಗ ತಂದಿದ್ದ. ತಗ್ಗು ಶ್ರುತಿಗೆ ದೊಡ್ಡ ಮೃದಂಗ ಬೇಕಾಗತ್ತೆ, ಭಾರ ಇರತ್ತೆ, ಮೆಟ್ರೋದಲ್ಲಿ ಎರಡನ್ನೂ ಹೊತ್ಕೊಂಡು ಬಂದಿದಾನೆ. ನಾದ ತಗ್ಗಿಸೋಕೆ ಮೃದಂಗದ ಎಡಗಡೆ ಮುಖಕ್ಕೆ ಕಲಸಿದ ರವೆ ಹಚ್ಚಬೇಕಲ್ಲ, ಅದನ್ನ ತರೋದು ಮರ್ತಿದ್ದ, ಅಡುಗೆಯವರು ಒಳಗಿಂದ ಒಂದು ಬಟ್ಟಲು ರವೆ ತಂದ್ಕೊಟ್ರು. ಅವತ್ತಿಂದ ಅದು ಅಭ್ಯಾಸ ಆಗ್ಬಿಟ್ಟಿದೆ. ಶನಿವಾರ ಊಟ ಆದ ತಕ್ಷಣ ಅಮ್ಮನ ಜೊತೆಯವರು ಒಬ್ಬರು ರವೆಗೆ ನೀರು ಹಾಕಿ ಕಲಸಿ ಮುಚ್ಚಿಟ್ಟಿರ್ತಾರೆ, ಈ ಸಲ ಗಟ್ಟಿ ಆಯ್ತು, ತೆಳ್ಳಗಾಯ್ತು ಅಂತ ಅವನ ಹತ್ರ ಮಾತು ಬೇರೆ.

ಮೈಕ್ ಇಲ್ಲ ಅನ್ನೋದೂ ನನಗೆ ತುಂಬಾ ಇಷ್ಟ ಆಗಿದ್ದು. ವಯಸ್ಸಾದ ಮೇಲೆ ಕಿವಿ ಮೊದಲು ಕಳ್ಕೊಳ್ಳೋದು ಮೇಲಿನ ಸ್ವರಗಳನ್ನ, ವಾಲ್ಯೂಮ್ ಜಾಸ್ತಿ ಮಾಡಿದ್ರೆ ಸ್ಪಷ್ಟ ಕೇಳತ್ತೆ ಅಂತೇನಿಲ್ಲ. ಇಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದಾರೆ, ಗಾಯನ ಸಮಾಜದಲ್ಲಿ ದೊಡ್ಡ ದೊಡ್ಡವರ ಕಚೇರಿ ಕೇಳಿರೋರು, ಈಗ ಎರಡೂ ಕಿವಿಗೆ ಹಿಯರಿಂಗ್ ಏಡ್. ಸ್ಪೀಕರ್ ಜೋರಾದ್ರೆ ಎಲ್ಲ ಕಲಸ್ಕೊಂಡು ಒಡೆದ ಹಾಗೆ ಕೇಳತ್ತೆ, ತೆಗ್ದು ಜೇಬಿಗೆ ಹಾಕ್ಕೋತೀನಿ ಅಂತಾರೆ. ಈ ಮಕ್ಕಳು ಅವರಿಂದ ಮೂರು ಅಡಿ ದೂರದಲ್ಲಿ ಕೂತು ಹಾಡ್ತಾರೆ. ಮರೆವು ಇರೋ ಒಬ್ಬ ಅಜ್ಜಿ ಒಂದೇ ದೇವರನಾಮನ ಒಂದೇ ಮಧ್ಯಾಹ್ನ ಮೂರು ಸಲ ಕೇಳ್ತಾರೆ, ಮೂರು ಸಲನೂ ಪೂರ್ತಿ ಹಾಡ್ತಾರೆ, ಆಗ್ಲೇ ಹಾಡಿದ್ವಲ್ಲ ಅಜ್ಜಿ ಅಂತ ಒಬ್ಬರೂ ಅಂದಿದ್ದು ನಾನು ಕೇಳಿಲ್ಲ. ಅವರ ಮೇಷ್ಟ್ರಿಗೆ ಇದಕ್ಕೆ ದೊಡ್ಡ ನಮಸ್ಕಾರ.

ಈಗ ದೂರು. ಮಾರ್ಚಲ್ಲಿ ಪಿಯು ಪರೀಕ್ಷೆ, ಅದರ ಹಿಂದೇನೇ ಬೇರೆಯವರ ಇಂಟರ್ನಲ್ಸು, ಸತತ ಮೂರು ಶನಿವಾರ ಯಾರೂ ಬರ್ಲಿಲ್ಲ. ಮಕ್ಕಳು ಓದಬೇಕು, ಅದರಲ್ಲಿ ಎರಡು ಮಾತಿಲ್ಲ, ಅವರು ಸೆಂಟರ್‌ಗೆ ಮೆಸೇಜೂ ಹಾಕಿದ್ರಂತೆ. ಆದ್ರೆ ಸೆಂಟರ್‌ನವರು ಒಳಗಿದ್ದವರಿಗೆ ಹೇಳ್ಲಿಲ್ಲ. ಅಮ್ಮ ಇಳಕಲ್ ಸೀರೆ ಉಟ್ಕೊಂಡು, ಸಾಹಿತ್ಯ ಬರ್ಕೊಂಡಿರೋ ನೋಟ್‌ಬುಕ್ ಇಟ್ಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದ್ರಂತೆ, ಐದು ಗಂಟೆ ತನಕ. ಮೂರನೇ ವಾರ ನಾನು ಕರ್ಕೊಂಡು ಬರೋಕೆ ಹೋದಾಗ "ನಾನು ಹೋದ್ಸಲ ಅಪಸ್ವರ ಹಾಡಿದ್ನೇನೋ" ಅಂದ್ರು. ನನಗೆ ಅಳು ಬಂತು. ಕೋಆರ್ಡಿನೇಟರ್‌ನ ಕೇಳಿದ್ರೆ, ಮೇಡಂ ಅವರು ವಾಲಂಟಿಯರ್ಸ್, ಬಲವಂತ ಮಾಡೋಕಾಗಲ್ಲ ಅಂದ್ರು. ಬಲವಂತ ಮಾಡಿ ಅಂತ ನಾನೂ ಹೇಳಿಲ್ಲ. ಬರಲ್ಲ ಅನ್ನೋದನ್ನ ಬೆಳಿಗ್ಗೆ ಹೇಳೋಕೆ ಒಂದು ನಿಮಿಷ ಸಾಕು, ಕಾಯೋರಿಗೆ ಅದು ಇಡೀ ದಿನದ ವಿಷಯ.

ಜಗಳ ಆಡಿದ ಮೇಲೆ ಈಗ ಹಾಲಲ್ಲಿ ಬಿಳಿ ಬೋರ್ಡ್ ಹಾಕಿದಾರೆ, ತಿಂಗಳ ಶನಿವಾರಗಳು, ಯಾರು ಬರ್ತಾರೆ, ಯಾವ ವಾರ ಇಲ್ಲ, ಎಲ್ಲ ದೊಡ್ಡ ಅಕ್ಷರದಲ್ಲಿ. ಪಿಯು ಹುಡುಗಿ ಇಲ್ಲದ ವಾರ ಇಂಜಿನಿಯರಿಂಗ್ ಹುಡುಗರಿಬ್ಬರೇ ಬಂದ್ರು, ಪಿಟೀಲು ಮೃದಂಗ ಅಷ್ಟೇ, ಹಾಡೋದು ಹಿರಿಯರೇ ಹಾಡಿದ್ರು. ಅದೂ ಚೆನ್ನಾಗೇ ಇತ್ತು. ಇನ್ನೊಂದು, ಫ್ಯಾನ್ ಕಟಕಟ ಅಂತಿರತ್ತೆ, ನಿಧಾನವಾಗಿ ಹಾಡೋವಾಗ ಅದೇ ಕೇಳತ್ತೆ, ಎರಡು ಸಲ ಹೇಳಿದೀನಿ ಇನ್ನೂ ರಿಪೇರಿ ಆಗಿಲ್ಲ.

ನಿಮ್ಮನೆ ಮಕ್ಕಳು ಸಂಗೀತ ಕಲೀತಿದ್ದು ಇಂಥ ಕಡೆ ಹೋಗಬೇಕು ಅಂತಿದ್ರೆ ದಯವಿಟ್ಟು ಸ್ಪೀಕರ್ ಬಿಟ್ಟು ಹೋಗಿ, ಒಂದು ಗಂಟೆ ಸಾಕು, ಅದರಲ್ಲಿ ಅರ್ಧ ಗಂಟೆ ಅವರು ಹಾಡಲಿ, ಅವರ ಶ್ರುತಿ ಕೇಳಿ ಇಟ್ಕೊಳ್ಳಿ. ಪ್ರತಿ ವಾರ ಆಗದಿದ್ರೆ ತಿಂಗಳಿಗೊಂದು ದಿನ ಅನ್ನಿ, ಆದ್ರೆ ಆ ದಿನ ಹೋಗಿ.

ಮಕ್ಕಳಿಗೆ ಐದಕ್ಕೆ ಐದು ಸ್ಟಾರ್. ಸೆಂಟರ್‌ಗೆ ನಾಲ್ಕು, ಮುಂದಿನ ಮಾರ್ಚಲ್ಲಿ ಬೋರ್ಡ್ ಖಾಲಿ ಇಲ್ಲದಿದ್ರೆ ಇನ್ನೊಂದು ಸೇರಿಸ್ತೀನಿ. ಅಮ್ಮ ಮುಕ್ತಾಯಿ ಸ್ವರದ ಉಳಿದರ್ಧ ವಾಪಸ್ ಕಲ್ತಿದಾರೆ, ಈಗ ಚರಣ ನಡೀತಿದೆ.