ಬಳ್ಳಾರಿಯ ಅದಿರು ಲ್ಯಾಬಿಗೆ ಉಲ್ಕಾಘಾತದ ಕಲ್ಲು ಕೊಡಬಹುದೇ?

ಬಳ್ಳಾರಿಯಲ್ಲಿ ಕಲ್ಲು ಪರೀಕ್ಷೆ ಎಂದರೆ ಕಬ್ಬಿಣದ ಅದಿರು, ಮಿಕ್ಕದ್ದೆಲ್ಲ ಆಮೇಲೆ. ಈ ಖಾಸಗಿ ಲ್ಯಾಬಿನ ಹೊಟ್ಟೆಪಾಡೂ ಅದರಿಂದಲೇ. ಈಗ ಕರಗಿಸಿದ ಕಲ್ಲಿನ ಧಾತುಗಳನ್ನು ಅಯಾನುಗಳ ತೂಕದಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರ ಇಟ್ಟುಕೊಂಡು ಲ್ಯಾಂಥನಮ್‌ನಿಂದ ಲುಟೀಷಿಯಂವರೆಗಿನ 14 ರೇರ್ ಅರ್ಥ್ (ವಿರಳ ಭೂಲೋಹ) ಧಾತುಗಳನ್ನೂ ಅಳೆದು ಕೊಡುತ್ತಿದೆ. ಮಹಾರಾಷ್ಟ್ರದ ಲೋನಾರ್ ಉಲ್ಕಾಕುಳಿಯ ಬಸಾಲ್ಟ್ (ಲಾವಾ ಕಲ್ಲು), ಮಧ್ಯಪ್ರದೇಶದ ಢಾಲಾ ಉಲ್ಕಾಕುಳಿಯ ಗ್ರಾನೈಟ್ ಬ್ರೆಕ್ಸಿಯಾ (ಚೂರುಗಳು ಬೆಸೆದ ಕಲ್ಲು), ಹೋಲಿಕೆಗೆ ಕೊಪ್ಪಳ ಕಡೆಯ ಗ್ರಾನೈಟ್ ಇಟ್ಟುಕೊಂಡಿರುವವರಿಗೆ ನಮ್ಮ ಸಲಹೆ ಇಷ್ಟೇ: ಬಸಾಲ್ಟನ್ನು ಧೈರ್ಯವಾಗಿ ಕೊಡಿ, ಗ್ರಾನೈಟನ್ನು ಷರತ್ತು ಹಾಕಿ ಕೊಡಿ.

ಏನೂ ಹೇಳದಿದ್ದರೆ ಇಲ್ಲಿ ಪುಡಿಯನ್ನು ತೆರೆದ ಟೆಫ್ಲಾನ್ ಬೀಕರಿನಲ್ಲಿ ಹೈಡ್ರೋಫ್ಲೋರಿಕ್, ನೈಟ್ರಿಕ್, ಪರ್‌ಕ್ಲೋರಿಕ್ ಆಮ್ಲ ಹಾಕಿ ಕರಗಿಸುತ್ತಾರೆ. ಬಸಾಲ್ಟ್ ಪೂರ್ತಿ ಕರಗುತ್ತದೆ. ಗ್ರಾನೈಟಿನೊಳಗಿನ ಜಿರ್ಕಾನ್ ಎಂಬ ಜಿರ್ಕೋನಿಯಂ ಖನಿಜ ಜಗ್ಗುವುದಿಲ್ಲ, ತಳದಲ್ಲೇ ಉಳಿಯುತ್ತದೆ. ಇಟರ್ಬಿಯಂ, ಲುಟೀಷಿಯಂನಂಥ ಭಾರದ ಧಾತುಗಳ ದೊಡ್ಡ ಪಾಲು ಅದರೊಳಗೇ ಇರುವುದರಿಂದ ಧಾತುಗಳನ್ನು ಹಗುರದಿಂದ ಭಾರಕ್ಕೆ ಸಾಲಾಗಿಟ್ಟ ಗ್ರಾಫಿನ ಬಲಗಡೆ ಬಾಲ ಕುಸಿಯುತ್ತದೆ. ಅದನ್ನು ಕಂಡು ‘ಆಘಾತದ ನಂತರದ ಬಿಸಿನೀರು ಭಾರದ ಧಾತುಗಳನ್ನು ತೊಳೆದೊಯ್ದಿದೆ’ ಎಂದು ಬರೆದರೆ ಮುಗಿಯಿತು, ಪೇಪರ್ ವಾಪಸ್.

ವರದಿಗೆ ಲಗತ್ತಿಸುವ ಗುಣಮಟ್ಟದ ಹಾಳೆಯಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ಅವರು ತೋರಿಸುವುದು ಅಂಕಿ ಮೊದಲೇ ಗೊತ್ತಿರುವ ಹವಾಯಿಯ ಬಸಾಲ್ಟ್ ಪುಡಿ ಬಿಎಚ್‌ವಿಒ-2. ಅದರಲ್ಲಿ ಲ್ಯಾಂಥನಮ್ 15.2, ಇಟರ್ಬಿಯಂ 2 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಆಸುಪಾಸು ಬರಬೇಕು, ಬಂದೇ ಬರುತ್ತದೆ. ಬಸಾಲ್ಟ್ ಪಾಸಾಯಿತೆಂದು ಗ್ರಾನೈಟಿಗೆ ಮಾರ್ಕು ಕೊಡಲಾಗದು. ಜೊತೆಗೆ ಜಿಎಸ್‌ಪಿ-2 ಎಂಬ ಗ್ರಾನೈಟ್ ಜಾತಿಯ ಮಾದರಿ ಪುಡಿಯನ್ನೂ ಓಡಿಸಿ ಎಂದು ಲಿಖಿತವಾಗಿ ಕೇಳಿ. ಅದರಲ್ಲಿ ಜಿರ್ಕೋನಿಯಂ 550 ಪಿಪಿಎಂ ಇದೆ, ಅರೆಬರೆ ಕರಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೂ ಅಗ್ಗದ ಉಪಾಯ: ಆಮ್ಲದಲ್ಲಿ ಕರಗಿಸದೆ ಎಕ್ಸ್-ರೇಯಿಂದ ಅಳೆಯುವ ಎಕ್ಸ್‌ಆರ್‌ಎಫ್‌ನಲ್ಲಿ ಅದೇ ಪುಡಿಗೆ ಬಂದ ಜಿರ್ಕೋನಿಯಂ ಅಂಕಿಯನ್ನು ಐಸಿಪಿ ಅಂಕಿಯ ಪಕ್ಕ ಇಟ್ಟು ನೋಡುವುದು. ಎಕ್ಸ್‌ಆರ್‌ಎಫ್‌ನಲ್ಲಿ ಈ ಲ್ಯಾಬಿನ ಕೈ ಪಳಗಿದೆ.

ಲಿಥಿಯಂ ಮೆಟಾಬೋರೇಟ್ ಎಂಬ ಫ್ಲಕ್ಸ್ (ಕರಗಿಸುವ ಉಪ್ಪು) ಜೊತೆ 1000 ಡಿಗ್ರಿಗೆ ಕಾಸಿ ಕರಗಿಸುವ ಫ್ಯೂಷನ್ ಇಲ್ಲಿ ಕೇಳಿದರೆ ಉಂಟು. ಗ್ರಾನೈಟಿಗೆ ಅದೇ ಆಗಬೇಕು. ಆದರೆ ಫ್ಲಕ್ಸ್‌ನ ಉಪ್ಪು ಸೇರುವುದರಿಂದ ದ್ರಾವಣವನ್ನು ಬಹಳ ತೆಳುಮಾಡಬೇಕಾಗುತ್ತದೆ. ಒಟ್ಟು ಕರಗಿದ ಘನಾಂಶ 0.2% ದಾಟಿದರೆ ಯಂತ್ರದ ಬಾಯಲ್ಲಿರುವ ಸಣ್ಣ ರಂಧ್ರದ ಕೋನ್ ಕಟ್ಟಿಕೊಂಡು ಸಿಗ್ನಲ್ ಜಾರುತ್ತದೆ. ಹಾಗಾಗಿ ಫ್ಲಕ್ಸ್ ಬ್ಲ್ಯಾಂಕಿನ (ಕಲ್ಲಿಲ್ಲದೆ ಬರೀ ಫ್ಲಕ್ಸ್ ಓಡಿಸಿದಾಗಿನ) ಅಂಕಿಯನ್ನೂ ಕೇಳಿ ಪಡೆಯಿರಿ. ಅಷ್ಟು ತೆಳುವಾದ ದ್ರಾವಣದಲ್ಲಿ ಥೂಲಿಯಂ, ಲುಟೀಷಿಯಂ ಅದರೆದುರು ತೀರಾ ಸಣ್ಣವು.

ಎರಡನೆಯ ಬಲೆ ಯುರೋಪಿಯಂ. ತೂಕ ಒಂದೇ ಆಗುವುದರಿಂದ ಬೇರಿಯಂ ಆಕ್ಸೈಡಿನ ಅಯಾನುಗಳು ಯುರೋಪಿಯಂನ 151, 153 ತೂಕದ ಎರಡೂ ಐಸೋಟೋಪುಗಳ ಮೇಲೆ ಕೂರುತ್ತವೆ. ಕಲ್ಲಿನಲ್ಲಿ 1000 ಪಿಪಿಎಂ ಬೇರಿಯಂ ಇದ್ದು ಅದರ 0.1% ಆಕ್ಸೈಡಾದರೂ 151ರಲ್ಲಿ ಸುಮಾರು 0.15, 153ರಲ್ಲಿ ಸುಮಾರು 0.24 ಪಿಪಿಎಂ ಸುಳ್ಳು ಯುರೋಪಿಯಂ ಹುಟ್ಟುತ್ತದೆ. ಗ್ರಾನೈಟಿನಲ್ಲಿ ಅಸಲು ಇರುವುದೇ 1 ಪಿಪಿಎಂ ಆಸುಪಾಸು! ಯುರೋಪಿಯಂ ಹಿಡಿದಿಟ್ಟುಕೊಳ್ಳುವ ಪ್ಲಾಜಿಯೋಕ್ಲೇಸ್ ಖನಿಜ ಹೇಳಬೇಕಾದ ಕಥೆಯನ್ನು ಬೇರಿಯಂ ಹೇಳಿಬಿಡುತ್ತದೆ. ಎರಡೂ ಐಸೋಟೋಪುಗಳ ಅಂಕಿ ಬೇರೆಬೇರೆಯಾಗಿ ಕೊಡಿ ಎನ್ನಿ. 153 ಹೆಚ್ಚು ತೋರಿಸಿದರೆ ತಿದ್ದುಪಡಿ ಆಗಿಲ್ಲ. ಯಂತ್ರದಲ್ಲಿ ಆಕ್ಸೈಡ್ ಎಷ್ಟು ಹುಟ್ಟುತ್ತದೆಂದು ತೋರಿಸುವ ಸೀರಿಯಂ ಆಕ್ಸೈಡ್ ಅನುಪಾತ 2%ಕ್ಕಿಂತ ಕೆಳಗಿರಲಿ.

ಪುಡಿ ಮಾಡುವ ಕೆಲಸ ಮಾತ್ರ ಅವರಿಗೆ ಬಿಡಬೇಡಿ. ಅಲ್ಲಿನ ಕ್ರೋಮ್ ಸ್ಟೀಲ್ ರಿಂಗ್ ಮಿಲ್‌ನಲ್ಲಿ ದಿನವಿಡೀ ಅದಿರು ಅರೆಯುತ್ತದೆ, ಸಂದುಗಳಲ್ಲಿ ಕೆಂಪು ಧೂಳು ಕಣ್ಣಿಗೇ ಕಾಣುತ್ತದೆ. ರೇರ್ ಅರ್ಥ್‌ಗೆ ಅದರಿಂದ ದೊಡ್ಡ ಹಾನಿಯಿಲ್ಲ, ಆದರೆ ಕಬ್ಬಿಣ, ಕ್ರೋಮಿಯಂ ಅಂಕಿಗಳು ಕೆಡುತ್ತವೆ. ಬ್ರೆಕ್ಸಿಯಾದ ಕರಗಿದ ಗಾಜು, ಚೂರುಕಲ್ಲು, ಬಿರುಕಿನ ಕ್ಯಾಲ್ಸೈಟ್ ಇವನ್ನು ಲೆನ್ಸ್ ಹಿಡಿದು ಕೈಯಲ್ಲೇ ಬೇರ್ಪಡಿಸಿ, ಅಗೇಟ್ ಒರಳಿನಲ್ಲಿ 75 ಮೈಕ್ರಾನಿಗೆ ಅರೆದು ಕೊಡಿ. ದಪ್ಪ ಹರಳಿನ ಗ್ರಾನೈಟಾದರೆ 1–2 ಕೆ.ಜಿ. ಒಡೆದು, ಕಾಲುಭಾಗ ಮಾಡುತ್ತ ಇಳಿಸಿ. ಗಾಜಿಗೆ ಕೆಲವೇ ಗ್ರಾಂ ಸಾಕು. ಗ್ರಾನೈಟ್ ಕರಗಿಸಲು 50 ಮಿಲಿಗ್ರಾಂ ಪುಡಿ ಸಾಕೆಂದು ಲ್ಯಾಬಿನವರೆಂದರೆ ಒಪ್ಪಬೇಡಿ: ರೇರ್ ಅರ್ಥ್ ತುಂಬಿದ ಮೊನಜೈಟ್ ಖನಿಜದ ಒಂದೇ ಕಣ ಹಗುರ ಧಾತುಗಳ ಲೆಕ್ಕ ಬುಡಮೇಲು ಮಾಡೀತು.

ಕೌಂಟರಿನಲ್ಲಿ ‘ರೇರ್ ಅರ್ಥ್ ನೋಡಿ ಉಲ್ಕೆಯ ಅಂಶ ಹೇಳುತ್ತೇವೆ’ ಎಂದರೆ ನಕ್ಕು ಬಿಡಿ. ಕಾಂಡ್ರೈಟ್ ಎಂಬ ಜಾತಿಯ ಕಲ್ಲಿನ ಉಲ್ಕೆಯಲ್ಲಿ ಲ್ಯಾಂಥನಮ್ ಇರುವುದೇ 0.237 ಪಿಪಿಎಂ, ಭೂಮಿಯ ಮೇಲ್ಪದರದಲ್ಲಿ ಸುಮಾರು 30. ನೂರಕ್ಕೆ ಒಂದು ಪಾಲು ಉಲ್ಕೆ ಬೆರೆತರೂ ಅಳತೆಯ ದೋಷದೊಳಗೇ ಮುಳುಗಿಹೋಗುತ್ತದೆ. ಅದೇ ಒಂದು ಪಾಲು ಇರಿಡಿಯಂ ಅನ್ನು 4 ಪಿಪಿಬಿ (ನೂರು ಕೋಟಿಗೆ ನಾಲ್ಕು ಪಾಲು) ದಾಟಿಸುತ್ತದೆ. ಇರಿಡಿಯಂ ಅಳೆಯಲು, ಅದನ್ನು ಕಾಸಿ ನಿಕಲ್ ಸಲ್ಫೈಡಿನೊಳಗೆ ಒಟ್ಟುಗೂಡಿಸುವ ನಿಕಲ್ ಸಲ್ಫೈಡ್ ಫೈರ್ ಅಸ್ಸೇ ಬೇಕು, ಇಲ್ಲಿ ಆ ಸೌಲಭ್ಯವಿಲ್ಲ. ಉಳಿದ ಪುಡಿಯನ್ನು ವಾಪಸ್ ಕೊಡಬೇಕೆಂದು ಫಾರ್ಮಿನಲ್ಲೇ ಬರೆಸಿ, ಇಲ್ಲದಿದ್ದರೆ ವರದಿ ಕೈಸೇರುವ ಹೊತ್ತಿಗೆ ಅದನ್ನು ಎಸೆದಿರುತ್ತಾರೆ.