ವಾರಂಟಿಯಲ್ಲಿ ಎಸ್‌ಎಂಪಿಎಸ್ ಬದಲಾಯಿಸಿ ಕೊಟ್ರಾ? ಹಳೇ ಕೇಬಲ್ ಹಾಕಬೇಡಿ

ಮಾಡ್ಯುಲರ್ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬ, ಅದರಿಂದ ಕೇಬಲ್ ಬಿಚ್ಚಿ ಹಾಕಬಹುದಾದ ಥರದ್ದು) ಇಟ್ಟುಕೊಂಡಿರುವವರು, ಅದರಲ್ಲೂ ವಾರಂಟಿಗೆ ಕೊಟ್ಟು ಬದಲಿ ಪೀಸ್‌ಗೆ ಕಾಯುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಕಂಪನಿ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಅದೂ ಅಲ್ಲದೆ ಈ ಸಮಸ್ಯೆ ಒಂದೇ ಕಂಪನಿಯದಲ್ಲ.

ನಮ್ಮ ಭಾವ ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲದರ ವಿಡಿಯೋ ಎಡಿಟಿಂಗ್ ಒಂದೇ ಪಿಸಿಯಲ್ಲಿ. ಅದನ್ನು ಜೋಡಿಸಿ ಕೊಟ್ಟವನು ನಾನು. ಕ್ಯಾಬಿನೆಟ್ ಜೊತೆ ಫ್ರೀ ಬರುವ ಎಸ್‌ಎಂಪಿಎಸ್ ಬೇಡ ಅಂತ ಹಟ ಮಾಡಿ 750 ವ್ಯಾಟ್‌ನ, 80 ಪ್ಲಸ್ ಗೋಲ್ಡ್, ಫುಲ್ ಮಾಡ್ಯುಲರ್, 10 ವರ್ಷ ವಾರಂಟಿ ಇರುವ ಪೀಸನ್ನೇ ತರಿಸಿದ್ದೆ. ಒಳ್ಳೆಯದೇ ಇತ್ತು. ಕೆಲವು ವರ್ಷ ಓಡಿದ ಮೇಲೆ ಫ್ಯಾನ್ ಕರಕರ ಅನ್ನೋಕೆ ಶುರುವಾಯಿತು. ವಾರಂಟಿ ಇದೆಯಲ್ಲ, ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕೊಟ್ಟರು. ಅಲ್ಲಿ ಡಬ್ಬ ಮಾತ್ರ ತೆಗೆದುಕೊಂಡರು. "ಕೇಬಲ್ ಎಲ್ಲ ವಾಪಸ್ ತಗೊಂಡ್ಹೋಗಿ ಸರ್, ಇಲ್ಲಿ ಕಳೆದುಹೋಗುತ್ತೆ" ಅಂದರಂತೆ. ಜಾಬ್ ಶೀಟ್‌ನಲ್ಲೂ ಆಕ್ಸೆಸರೀಸ್ ಕೊಡಬಾರದು ಅಂತಲೇ ಅಚ್ಚಾಗಿದೆ.

ಬದಲಿ ಪೀಸ್ ಬಂತು. ಅದೇ ಬ್ರ್ಯಾಂಡ್, ಅದೇ 750 ವ್ಯಾಟ್, ಆದರೆ ಬೇರೆ ಮಾಡೆಲ್. ಹಳೆಯದು ಈಗ ಬರುತ್ತಿಲ್ಲವಂತೆ. ಕೌಂಟರ್‌ನಲ್ಲಿದ್ದವನು ಇದು ಅದಕ್ಕಿಂತ ಒಳ್ಳೆಯದು, ನಿಮಗೆ ಅಪ್‌ಗ್ರೇಡ್ ಆಯ್ತು ಅಂತ ಬೇರೆ ಹೇಳಿದ್ದಾನೆ. ಭಾವ ಕೇಬಲ್ ಬಗ್ಗೆ ಬಾಯಿಬಿಟ್ಟು ಕೇಳಿದ್ದಾರೆ. "ನಿಮ್ಮತ್ರ ಇದೆಯಲ್ಲ ಸರ್, ಅದೇ ಆಗುತ್ತೆ" ಅಂತ ಉತ್ತರ. ಕಂಪನಿಯವನೇ ಹೀಗೆ ಹೇಳಿದ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ?

ಸ್ಟುಡಿಯೋ ಹುಡುಗ ಜೋಡಿಸಿದ. ಎಲ್ಲ ಕನೆಕ್ಟರ್ ಕ್ಲಿಕ್ ಅಂತ ಸರಿಯಾಗಿ ಕೂತಿವೆ, ಒಂದನ್ನೂ ಒತ್ತಿ ತುರುಕಿಲ್ಲ. ಪವರ್ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಸುಟ್ಟ ವಾಸನೆ ಬೇರೆ. ಆಗ ನನಗೆ ಫೋನ್ ಬಂತು.

ನಾನು ಹೋಗಿ ಒಂದೊಂದೇ ಕೇಬಲ್ ಬಿಚ್ಚುತ್ತಾ ಬಂದೆ. ಡಿಸ್ಕ್‌ಗಳಿಗೆ ಹೋಗುವ ಸಾಟಾ ಪವರ್ ಕೇಬಲ್ ತೆಗೆದ ಕೂಡಲೇ ಪಿಸಿ ಆರಾಮಾಗಿ ಆನ್ ಆಯಿತು. ವಿಂಡೋಸ್ ಇದ್ದಿದ್ದು ಎನ್‌ವಿಎಂಇಯಲ್ಲಿ, ಅಂದರೆ ಮದರ್‌ಬೋರ್ಡ್‌ಗೇ ನೇರ ಕೂರುವ ಎಸ್‌ಎಸ್‌ಡಿಯಲ್ಲಿ. ಅದಕ್ಕೆ ಕರೆಂಟ್ ಮದರ್‌ಬೋರ್ಡ್‌ನಿಂದ ಹೋಗುತ್ತೆ, ಹಾಗಾಗಿ ಅದು ಬಚಾವ್. ಆಮೇಲೆ ಮಲ್ಟಿಮೀಟರ್ ತಂದು ಆ ಸಾಟಾ ಕೇಬಲ್‌ನ ಖಾಲಿ ತುದಿಗೆ ಇಟ್ಟು ನೋಡಿದೆ. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್. 7, 8, 9 ಇವು ಮೂರೂ 5 ವೋಲ್ಟ್. 13, 14, 15 ಇವು 12 ವೋಲ್ಟ್. ಪಿಸಿ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ನಿಯಮದ ಲೆಕ್ಕದಲ್ಲಿ ಶೇಕಡ 5 ಹೆಚ್ಚುಕಮ್ಮಿ ಇರಬಹುದು, ಅಂದರೆ 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗಿರಬೇಕು. ಮೀಟರ್ ತೋರಿಸಿದ್ದು 12.1. ಪಕ್ಕದಲ್ಲಿ 12 ಬರಬೇಕಾದ ಕಡೆ 5. ಎರಡೂ ಅದಲು ಬದಲು!

ಎರಡು ಹಾರ್ಡ್ ಡಿಸ್ಕ್, ಒಂದು ಎರಡೂವರೆ ಇಂಚಿನ ಎಸ್‌ಎಸ್‌ಡಿ, ಮೂರೂ ಹೋದವು. ಆ ಎಸ್‌ಎಸ್‌ಡಿ ನಡೆಯೋದೇ 5 ವೋಲ್ಟ್‌ನಲ್ಲಿ. ಅದಕ್ಕೆ 12 ಹೊಡೆದರೆ ಏನು ಉಳಿಯುತ್ತೆ?

ಇಲ್ಲಿ ಮೋಸ ಎಲ್ಲಿದೆ ಅಂದರೆ, ಕೇಬಲ್‌ನ ಒಂದು ತುದಿಗೆ ಮಾತ್ರ ನಿಯಮ ಇದೆ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಕಡೆಯ ತುದಿಯಲ್ಲಿ ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಅಂತ ಗೊತ್ತುಮಾಡಿದ್ದಾರೆ, ಯಾವ ಕಂಪನಿಯದಾದರೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥದ್ದೇನಿಲ್ಲ. ತಯಾರಿಸುವವರು ತಮಗೆ ಅನುಕೂಲವಾದ ಹಾಗೆ ಪಿನ್ ಜೋಡಿಸಿಕೊಳ್ಳುತ್ತಾರೆ. ಕನೆಕ್ಟರ್‌ನ ಪ್ಲಾಸ್ಟಿಕ್ ಮಾತ್ರ ಬಹುತೇಕ ಎಲ್ಲರದ್ದೂ ಒಂದೇ ಜಾತಿಯದು. ಅದಕ್ಕೇ ಸಲೀಸಾಗಿ ಕೂತುಬಿಡುತ್ತೆ. ಮೊದಲೆಲ್ಲ ವೈರ್ ಬಣ್ಣ ನೋಡಿದರೆ ಗೊತ್ತಾಗುತ್ತಿತ್ತು, ಹಳದಿ 12, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್ ಅಂತ. ಈಗ ಚೆಂದ ಕಾಣಲಿ ಅಂತ ಎಲ್ಲ ವೈರೂ ಕಪ್ಪು. ಕಣ್ಣಲ್ಲಿ ನೋಡಿ ಹೇಳೋಕೆ ಸಾಧ್ಯವೇ ಇಲ್ಲ.

ಒಂದೇ ಬ್ರ್ಯಾಂಡ್ ಆದರೆ ಸರಿಹೋಗಬೇಕಲ್ವಾ ಅಂತ ಕೇಳುವವರಿಗೆ: ಬ್ರ್ಯಾಂಡ್ ಬೇರೆ, ಫ್ಯಾಕ್ಟರಿ ಬೇರೆ. ಡಬ್ಬದ ಮೇಲೆ ಹೆಸರು ಹಾಕುವ ಎಷ್ಟೋ ಕಂಪನಿಗಳು ತಾವೇ ತಯಾರಿಸಲ್ಲ. ಸೀಸಾನಿಕ್, ಸೂಪರ್ ಫ್ಲವರ್, ಚಾನೆಲ್ ವೆಲ್, ಎಫ್‌ಎಸ್‌ಪಿ ಥರದವರ ಹತ್ತಿರ ಮಾಡಿಸುತ್ತವೆ. ಒಂದು ಸೀರೀಸ್ ಒಬ್ಬರಿಂದ, ಇನ್ನೊಂದು ಮತ್ತೊಬ್ಬರಿಂದ. ಎಸ್‌ಎಂಪಿಎಸ್ ಮಾರುವ ಕೋರ್ಸೇರ್ ಕಂಪನಿಯವರೇ ಟೈಪ್ 3, ಟೈಪ್ 4 ಅಂತ ಕೇಬಲ್ ಮೇಲೆ ಗುರುತು ಹಾಕಿ, ಯಾವುದು ಯಾವುದಕ್ಕೆ ಆಗುತ್ತೆ ಅಂತ ಪಟ್ಟಿ ಮಾಡಿಟ್ಟಿದ್ದಾರೆ. ಆ ಎರಡರಲ್ಲಿ ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕೇಬಲ್ ಒಂದಕ್ಕೊಂದು ಆಗಲ್ಲ. ಅವರಾದರೂ ಗುರುತು ಹಾಕುತ್ತಾರೆ, ನಮ್ಮ ಭಾವನ ಕೇಬಲ್ ಮೇಲೆ ಸಾಟಾ ಅನ್ನುವ ಪದ ಬಿಟ್ಟರೆ ಬೇರೇನೂ ಇರಲಿಲ್ಲ.

ಇನ್ನು ರಿವ್ಯೂ ಮಾಡುವವರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. 12 ವೋಲ್ಟ್ ಲೈನ್‌ನಲ್ಲಿ ರಿಪಲ್ (ವೋಲ್ಟೇಜ್‌ನ ಸಣ್ಣ ಏರಿಳಿತ) 120 ಮಿಲಿವೋಲ್ಟ್ ಒಳಗಿದೆಯಾ ಅಂತ ಆಸಿಲೋಸ್ಕೋಪ್ ಇಟ್ಟು ತೋರಿಸುತ್ತಾರೆ, ಫ್ಯಾನ್ ಸದ್ದು ಅಳೆಯುತ್ತಾರೆ, ಒಳಗಿನ ಕೆಪಾಸಿಟರ್ ಜಪಾನಿನದಾ ಅಂತ ಬಿಚ್ಚಿ ನೋಡುತ್ತಾರೆ, ಆದರೆ ಈ ಕೇಬಲ್ ಬೇರೆ ಯಾವ ಮಾಡೆಲ್‌ಗೆ ಆಗಲ್ಲ ಅಂತ ಒಂದು ಸಾಲು ಹೇಳಲ್ಲ. ನಾವೂ ಗೋಲ್ಡ್ ಬ್ಯಾಡ್ಜ್ ನೋಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ಗೋಲ್ಡ್ ಅಂದರೆ ಅರ್ಧ ಲೋಡ್‌ನಲ್ಲಿ, 115 ವೋಲ್ಟ್ ಪರೀಕ್ಷೆಯಲ್ಲಿ, ಶೇಕಡ 90ರಷ್ಟು ದಕ್ಷತೆ ಇದೆ ಅಂತ. ಕರೆಂಟ್ ಪೋಲಾಗಲ್ಲ, ಅಷ್ಟೇ. ಡಿಸ್ಕ್ ಉಳಿಯುತ್ತೆ ಅಂತ ಅದು ಎಲ್ಲೂ ಹೇಳಿಲ್ಲ.

ನಿಮ್ಮ ಮನೆಯಲ್ಲಿ ಇಂಥದ್ದು ಆದರೆ ಡಿಸ್ಕನ್ನು ಸತ್ತಿತು ಅಂತ ಬಿಸಾಡಬೇಡಿ. ಹಾರ್ಡ್ ಡಿಸ್ಕ್‌ನ ಬೋರ್ಡ್ ಮೇಲೆ, ಪವರ್ ಕನೆಕ್ಟರ್ ಹತ್ತಿರ, ಟಿವಿಎಸ್ ಡಯೋಡ್ ಅಂತ ಸಣ್ಣ ಕಪ್ಪು ತುಂಡು ಇರುತ್ತೆ. ವೋಲ್ಟೇಜ್ ಜಾಸ್ತಿಯಾದರೆ ಅದು ತಾನು ಶಾರ್ಟ್ ಆಗಿ ಉಳಿದಿದ್ದನ್ನು ಕಾಪಾಡುತ್ತೆ. ಆ ಶಾರ್ಟ್ ನೋಡಿಯೇ ಎಸ್‌ಎಂಪಿಎಸ್ ಆಫ್ ಆಗೋದು, ಫ್ಯಾನ್ ಅರ್ಧ ಸುತ್ತಿಗೆ ನಿಂತಿದ್ದು ಅದಕ್ಕೇ. ಡೇಟಾ ರಿಕವರಿ ಮಾಡುವವರು ನಮ್ಮ ಒಂದು ಡಿಸ್ಕ್‌ನಲ್ಲಿ ಆ ಡಯೋಡ್ ಕಿತ್ತರು, ಡಿಸ್ಕ್ ತಿರುಗಿತು, ಎಲ್ಲ ಕಾಪಿ ಆಯಿತು. ಕಾಪಿ ಆದ ಮೇಲೆ ಅದನ್ನು ಮತ್ತೆ ಬಳಸಲಿಲ್ಲ, ರಕ್ಷಣೆ ಇಲ್ಲದ ಡಿಸ್ಕ್ ಅದು. ಇನ್ನೊಂದಕ್ಕೆ ಅದೇ ಮಾಡೆಲ್‌ನ ಬೇರೆ ಬೋರ್ಡ್ ಹುಡುಕಿ, ಹಳೇ ಬೋರ್ಡ್‌ನ ರೋಮ್ ಚಿಪ್ (ಆ ಡಿಸ್ಕ್‌ಗೇ ಸೇರಿದ ಮಾಹಿತಿ ಇರುವ ಚಿಪ್) ಕಿತ್ತು ಅದಕ್ಕೆ ಬೆಸುಗೆ ಹಾಕಬೇಕಾಯಿತು. ಸುಮ್ನೆ ಬೋರ್ಡ್ ಬದಲಾಯಿಸಿದರೆ ಈಗಿನ ಡಿಸ್ಕ್ ಓದಲ್ಲ. ಒಟ್ಟು 18,000 ರೂಪಾಯಿ. ಎಸ್‌ಎಸ್‌ಡಿ ಮಾತ್ರ ಹೋಯಿತು. ಅದರಲ್ಲಿ ಒಂದು ಮದುವೆಯ ಎಡಿಟ್ ಮುಗಿದ ಪ್ರಾಜೆಕ್ಟ್ ಇತ್ತು, ಪುಣ್ಯಕ್ಕೆ ಮೂಲ ವಿಡಿಯೋ ಇನ್ನೂ ಕ್ಯಾಮೆರಾ ಕಾರ್ಡ್‌ನಲ್ಲಿತ್ತು. ಹುಡುಗ ಮೊದಲಿಂದ ಕೂತು ಕತ್ತರಿಸಿದ.

ಈಗ ಏನು ಮಾಡಬೇಕು ಅಂದರೆ, ಎಸ್‌ಎಂಪಿಎಸ್ ಬದಲಾದರೆ ಕೇಬಲ್ ಪೂರ್ತಿ ಬದಲಾಗಬೇಕು. ಮಾಡೆಲ್ ನಂಬರ್ ಅಕ್ಷರ ಅಕ್ಷರ ಒಂದೇ ಆಗಿದ್ದರೆ ಮಾತ್ರ ಹಳೆಯದನ್ನು ಯೋಚಿಸಿ, ಆಗಲೂ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಡೆಯಲ್ಲ. ಪಿಎಸ್‌ಯು ಟೆಸ್ಟರ್ (ಪಿಎಸ್‌ಯು ಅಂದರೂ ಎಸ್‌ಎಂಪಿಎಸ್ಸೇ) ಅಂತ ಅಂಗೈಯಗಲದ ಡಬ್ಬ ಸಿಗುತ್ತೆ, ದುಬಾರಿ ಏನಲ್ಲ. ಪಿಸಿಗೆ ಹಾಕುವ ಮೊದಲು ಪ್ರತಿ ಕೇಬಲನ್ನೂ ಅದಕ್ಕೆ ಚುಚ್ಚಿ ನೋಡಿ. ಎಡವಟ್ಟಾದರೆ ಸಾಯೋದು ಟೆಸ್ಟರ್ ಮಾತ್ರ.

ಕೇಬಲ್ ಇಲ್ಲದ ಸೆಕೆಂಡ್ ಹ್ಯಾಂಡ್ ಮಾಡ್ಯುಲರ್ ಎಸ್‌ಎಂಪಿಎಸ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಬಣ್ಣ ಬಣ್ಣದ ಸ್ಲೀವ್ ಕೇಬಲ್ ಆಸೆ ಇದ್ದರೆ ಎಕ್ಸ್‌ಟೆನ್ಶನ್ ಮಾತ್ರ ತಗೊಳ್ಳಿ. ಅದು ನಿಮ್ಮ ಒರಿಜಿನಲ್ ಕೇಬಲ್‌ನ ತುದಿಗೆ ಸೇರುತ್ತೆ, ಆ ತುದಿಗೆ ನಿಯಮ ಇದೆ ಅಂತ ಮೇಲೆ ಹೇಳಿದೆನಲ್ಲ. ನೇರ ಎಸ್‌ಎಂಪಿಎಸ್‌ಗೇ ಚುಚ್ಚುವ ಸೆಟ್ ಆದರೆ ನಿಮ್ಮ ಮಾಡೆಲ್ ಹೆಸರು ಅದರ ಪಟ್ಟಿಯಲ್ಲಿ ಇರಲೇಬೇಕು. ಗ್ರಾಫಿಕ್ಸ್ ಕಾರ್ಡ್‌ನ 16 ಪಿನ್ ಕೇಬಲ್‌ಗೂ ಇದೇ ಮಾತು. 600 ವ್ಯಾಟ್ ತನಕ ಹೋಗುವ ಕೇಬಲ್ ಅದು, ಅದರಲ್ಲಿ ಚೌಕಾಸಿ ಬೇಡ.

ದೂರಿನ ವಿಷಯ. ಸರ್ವಿಸ್ ಸೆಂಟರ್‌ಗೆ ವಾಪಸ್ ಹೋದಾಗ ಮಾತಿಲ್ಲದೆ ಹೊಸ ಕೇಬಲ್ ಸೆಟ್ ಒಳಗಿಂದ ತಂದು ಕೊಟ್ಟರು. ಅಂದರೆ ಅವರ ಹತ್ತಿರ ಇತ್ತು! ಡಿಸ್ಕ್ ಬಗ್ಗೆ ಕೇಳಿದರೆ, ವಾರಂಟಿ ಎಸ್‌ಎಂಪಿಎಸ್‌ಗೆ ಮಾತ್ರ, ಡೇಟಾಗೆ ನಾವು ಹೊಣೆ ಅಲ್ಲ ಅಂತ ಕಾರ್ಡ್ ತೋರಿಸಿದರು. ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆವು, ಕಂಪನಿ ಅಲ್ಲೂ ಅದೇ ಉತ್ತರ ಕೊಟ್ಟಿತು. ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಆಯೋಗಕ್ಕೆ ಹಾಕಿದ್ದೇವೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದ ತನಕ ಇದ್ದರೆ ಫೀಸ್ ಇಲ್ಲ, ಆದ ಎರಡು ವರ್ಷದೊಳಗೆ ಹಾಕಬೇಕು. ಕೇಬಲ್ ಕೊಡಬೇಡಿ ಅಂತ ಅವರೇ ಅಚ್ಚು ಹಾಕಿರುವ ಜಾಬ್ ಶೀಟ್, ಬೇರೆ ಮಾಡೆಲ್ ಕೊಟ್ಟಿದ್ದಕ್ಕೆ ಡೆಲಿವರಿ ಚಲನ್, ರಿಕವರಿಯವರ ಬಿಲ್ಲು ಮತ್ತು ಅವರು ಬರೆದುಕೊಟ್ಟ ರಿಪೋರ್ಟ್, ಎರಡೂ ಕೇಬಲ್ ಸೆಟ್, ಇಷ್ಟನ್ನೂ ಭಾವ ಜೋಪಾನ ಮಾಡಿಟ್ಟಿದ್ದಾರೆ. ಇದೇ ಥರ ಬೇರೆ ಮಾಡೆಲ್ ಕೊಟ್ಟು ಹಳೇ ಕೇಬಲ್ ಹಾಕಿ ಅಂತ ನಿಮಗೂ ಯಾರಾದರೂ ಹೇಳಿದ್ದರೆ ಜಾಬ್ ಶೀಟ್ ಫೋಟೋ ಸಮೇತ ತಿಳಿಸಿ, ವಕೀಲರು ಕೇಳುತ್ತಿದ್ದಾರೆ.