ಎಂಟು ವರ್ಷದಿಂದ ನನ್ನ ಜೊತೆಗಿರುವ ಸಾಬ್ 99 ಟರ್ಬೊ

ಈ ಕಾರಿಗೆ ಇರುವುದು ನಾಲ್ಕೇ ಗೇರ್. ಮೂರನೇ ಗೇರ್‌ನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿದರೆ ಮೊದಲಿಗೆ ಏನೂ ಆಗುವುದಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಅಷ್ಟೇ. ಆಮೇಲೆ ಸಣ್ಣಗೆ ಸಿಳ್ಳೆ ಕೇಳಿಸುತ್ತದೆ, ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಮುಳ್ಳು ಮೇಲೇಳುತ್ತದೆ, ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಅದು ಟರ್ಬೊ ಸದ್ದು: ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪಂಪ್. ಎಂಟು ವರ್ಷ ಓಡಿಸಿದ ಮೇಲೂ ಆ ಸಿಳ್ಳೆಗೆ ಕಿವಿ ಕೊಟ್ಟು ಕಾಯುತ್ತೇನೆ.

ಸ್ವೀಡನ್ನಿನ ಸಾಬ್ ಕಂಪನಿ ಇದನ್ನು 1977ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ತೋರಿಸಿತು. ಒಟ್ಟು ತಯಾರಾಗಿದ್ದು 10 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೂ ಮೊದಲು ಬಿಎಂಡಬ್ಲ್ಯೂ, ಪೋರ್ಷೆ ಟರ್ಬೊ ಕಾರು ಮಾಡಿದ್ದವು, ನಿಜ. ಆದರೆ ಅವು ವೇಗಕ್ಕೇ ಮಾಡಿದ ಕಾರುಗಳು. ಸ್ವೀಡನ್ನಿನ ಈ ಎಂಜಿನಿಯರ್‌ಗಳು ಸಣ್ಣ ಟರ್ಬೊ ಹಾಕಿದರು. ಸಣ್ಣದಾದ್ದರಿಂದ ಅದು ಬೇಗ ತಿರುಗುತ್ತದೆ. ಒತ್ತಡ ಜಾಸ್ತಿಯಾದರೆ ವೇಸ್ಟ್‌ಗೇಟ್ ಎಂಬ ಕವಾಟ ತೆರೆದುಕೊಂಡು ಹೊಗೆಯನ್ನು ಟರ್ಬೊ ಪಕ್ಕದಿಂದಲೇ ಹೊರಗೆ ಬಿಡುತ್ತದೆ. 2 ಲೀಟರ್ ಎಂಜಿನ್‌ನಿಂದ 145 ಅಶ್ವಶಕ್ತಿ. ಈಗ ಈ ಅಂಕಿ ದೊಡ್ಡದಲ್ಲ. ಆದರೆ ಲಾರಿಯೊಂದನ್ನು ಹಿಂದಿಕ್ಕುವಾಗ, ನಮಗೆ ದಿನವೂ ಬೇಕಾಗುವ ವೇಗದಲ್ಲೇ ಶಕ್ತಿ ಸಿಗುತ್ತದಲ್ವಾ, ಅದೇ ಈ ಕಾರಿನ ಹೆಚ್ಚುಗಾರಿಕೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಟರ್ಬೊ ಒಗ್ಗುತ್ತದೆ ಅಂತ ತೋರಿಸಿಕೊಟ್ಟಿದ್ದು ಇದು. ಇದೇ ಕಾರಿನಲ್ಲಿ ಸ್ವೀಡನ್ನಿನ ಚಾಲಕ ಸ್ಟಿಗ್ ಬ್ಲೊಮ್‌ಕ್ವಿಸ್ಟ್ 1979ರ ಸ್ವೀಡಿಷ್ ರ‍್ಯಾಲಿ ಗೆದ್ದರು. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಟರ್ಬೊ ಕಾರು ಗೆದ್ದಿದ್ದು ಅದೇ ಮೊದಲು.

ಬಾನೆಟ್ ಮುಂದಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಎಂಜಿನ್ ಹಿಂದುಮುಂದಾಗಿ ಕೂತಿದೆ, ಗೇರ್‌ಬಾಕ್ಸ್ ಅದರ ಕೆಳಗೆ. ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಆದರೆ ಕ್ಲಚ್ ಮುಂಭಾಗದಲ್ಲೇ ಇರುವುದರಿಂದ ಎಂಜಿನ್ ಇಳಿಸದೆ ಅದನ್ನು ಬದಲಾಯಿಸಬಹುದು. ಅದನ್ನು ನಾನೇ ಒಮ್ಮೆ ಮಾಡಿದ್ದೇನೆ.

ನನಗೆ ಜಾಸ್ತಿ ತಲೆನೋವು ಕೊಟ್ಟಿದ್ದು ಮೂರನೇ ವರ್ಷ. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತಿತ್ತು, ಆಗಾಗ ಆಫ್ ಆಗುತ್ತಿತ್ತು. ಒಂದು ಗ್ಯಾರೇಜಿನವರು ಇಂಧನದ ಭಾಗಗಳನ್ನು ಒಂದೊಂದಾಗಿ ಬದಲಾಯಿಸಿದರು. ಏನೂ ಉಪಯೋಗವಾಗಲಿಲ್ಲ. ಕೊನೆಗೆ ನಾನೇ ಟಾರ್ಚ್ ಹಿಡಿದು ಹುಡುಕಿದೆ. ರಬ್ಬರ್ ಹೋಸ್ ಒಂದರ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು! ಇದರ ಕೆ-ಜೆಟ್ರಾನಿಕ್ ಎಂಬ ಇಂಧನ ವ್ಯವಸ್ಥೆ ಒಳಗೆ ಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಬಿಡುತ್ತದೆ. ಅಳೆದ ಮೇಲೆ ಎಲ್ಲೋ ಗಾಳಿ ನುಸುಳಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಇಂಥ ಕಾರು ಕೊಂಡವರು ಮೊದಲು ಹೋಸ್‌ಗಳನ್ನೆಲ್ಲ ಬದಲಾಯಿಸಿಬಿಡಿ. ಆಮೇಲೆ ಬೇರೆ ಕಡೆ ಕೈ ಹಾಕಿ.

ತುಕ್ಕು ಹಿಡಿದ ಕಾರನ್ನು ಮಾತ್ರ ಕೊಳ್ಳಬೇಡಿ, ಎಂಜಿನ್ ಎಷ್ಟೇ ಚೆನ್ನಾಗಿರಲಿ. ಗೇರ್‌ಬಾಕ್ಸ್ ಜೊತೆ ಒರಟಾಟ ಬೇಡ. ನಿಲ್ಲಿಸುವಾಗ ಸ್ಟೀರಿಂಗ್ ಭಾರ, ಅದು ಅಭ್ಯಾಸವಾಗುತ್ತದೆ. ಬಿಡಿಭಾಗಗಳಿಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಬೇಕು.

ವೇಗವಾಗಿ ಓಡಿಸಿ ಬಂದ ಮೇಲೆ ತಕ್ಷಣ ಆಫ್ ಮಾಡಲೂಬಾರದು. ಟರ್ಬೊ ಬಿಸಿಯಿರುವಾಗ ಎಣ್ಣೆಯ ಹರಿವು ನಿಂತರೆ ಆ ಎಣ್ಣೆ ಒಳಗೇ ಸುಟ್ಟು ಕರಿ ಕಟ್ಟುತ್ತದೆ, ಬೇರಿಂಗ್ ಹಾಳಾಗುತ್ತದೆ. ಅದಕ್ಕೆ ನಾನು ಎರಡು ನಿಮಿಷ ಸುಮ್ನೆ ಕೂರುತ್ತೇನೆ, ಎಂಜಿನ್ ನಿಧಾನವಾಗಿ ಓಡುತ್ತಿರುತ್ತದೆ. ಆಮೇಲೆ ರಿವರ್ಸ್ ಗೇರ್ ಹಾಕಿ, ಎರಡು ಸೀಟುಗಳ ನಡುವೆ ಇರುವ ಕೀ ತಿರುಗಿಸುತ್ತೇನೆ. ರಿವರ್ಸ್‌ಗೆ ಹಾಕದಿದ್ದರೆ ಕೀ ಹೊರಗೆ ಬರುವುದೇ ಇಲ್ಲ.